ಸನ್ಮಾನಕ್ಕೆ ಕೂತ ಮೊಣಕಾಲು

ಮಾರ್ಚ್ ಹದಿನಾಲ್ಕು, ಶನಿವಾರ, ಸಂಜೆ ನಾಲ್ಕೂ ಇಪ್ಪತ್ತು. ಪಂದ್ಯ ಮುಗಿದು ಇವತ್ತಿಗೆ ಒಂದು ವಾರ.

ಪಂಕ್ತಿಯಲ್ಲಿ ಕೂತು ಉಣ್ಣುವವರು ಬೇರೆ, ಎಷ್ಟು ಎಲೆ ಬಿತ್ತು ಎಂದು ಎಣಿಸುವವರು ಬೇರೆ. ನಾನು ಎರಡನೆಯ ಗುಂಪಿನವಳು. ನನ್ನ ಮದುವೆಯಲ್ಲಿ ಎಲ್ಲರೂ ಅಕ್ಷತೆ ಹಾಕುತ್ತಿದ್ದಾಗ ನಾನು ಗಡಿಯಾರ ನೋಡಿದೆನಂತೆ. ನೋಡಿದ್ದು ನಿಜ. ಮುಹೂರ್ತ ಮೀರಿ ಏಳು ನಿಮಿಷವಾಗಿತ್ತು. ಆ ಏಳು ನಿಮಿಷಕ್ಕೂ ಆಮೇಲೆ ನಮ್ಮಿಬ್ಬರ ನಡುವೆ ನಡೆದ ಜಗಳಗಳಿಗೂ ಏನಾದರೂ ಸಂಬಂಧವಿದೆಯೇ ಎಂದು ಯಾರಾದರೂ ಸಂಶೋಧನೆ ಮಾಡುವುದಾದರೆ ಬೇಕಾದ ತಾರೀಖುಗಳೆಲ್ಲ ನನ್ನ ಹತ್ತಿರ ಇವೆ. ನ್ಯೂಜೆರ್ಸಿಯ ಸಮರ್‌ಸೆಟ್‌ಗೆ ಬಂದ ಮೇಲೆ ಈ ಚಾಳಿ ಇನ್ನಷ್ಟು ಬಲಿಯಿತು. ಮಾನ್ಮತ್ ಜಂಕ್ಷನ್ ಎಂಬ ಊರಿನ ಒಂದು ಔಷಧ ಕಂಪನಿಯಲ್ಲಿ ಪರೀಕ್ಷೆಗಳ ದಾಖಲೆ ಇಡುವುದು ನನ್ನ ಕೆಲಸ. ಬರೆದಿಡದೇ ಹೋದದ್ದು ನಡೆದೇ ಇಲ್ಲ ಎಂಬುದು ಅಲ್ಲಿಯ ಕಾನೂನು. ಆ ಕಾನೂನನ್ನು ಸಂಜೆ ಆಫೀಸಿನಲ್ಲೇ ಬಿಟ್ಟು ಬರಲು ನನಗೆ ಬರುವುದಿಲ್ಲ. ಹೀಗಾಗಿ ನನ್ನ ಗಂಡ ಪ್ರಶಾಂತನ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಸ್ಕೋರ್ ಬರೆಯುವವರು ಬೇಕಾದಾಗ ಯಾರೂ ಎರಡನೆಯ ಹೆಸರು ಹೇಳಲಿಲ್ಲ.

ತಂಡ ಎಂದರೆ ನಮ್ಮ ಕನ್ನಡ ಸಂಘದ್ದು. ಬೇಸಿಗೆಯಲ್ಲಿ ಕ್ರಿಕೆಟ್ ಆಡುವ ಎಂಟು ಜನ ಇಂಜಿನಿಯರುಗಳು, ಚಳಿಗಾಲದಲ್ಲಿ ಹೊಟ್ಟೆ ಬರುತ್ತದೆಂದು ಹೆದರಿ ಕಟ್ಟಿಕೊಂಡದ್ದು. ಹೊಟ್ಟೆ ಬಂತು. ಗೆಲುವು ಬರಲಿಲ್ಲ. ಐದಡಿ ಎಂಟಂಗುಲ ಮೀರಿದವರು ಅದರಲ್ಲಿ ಒಬ್ಬರೂ ಇಲ್ಲ. ತಂಡದ ನಾಯಕ ಪ್ರಶಾಂತ ಧಾರವಾಡದವನು, ಸೋಲನ್ನು ಅಷ್ಟು ಸುಲಭವಾಗಿ ಒಪ್ಪುವವನಲ್ಲ. ಪ್ರತಿ ಪಂದ್ಯದ ನಂತರ ಕಾರಿನಲ್ಲಿ ಒಂದೇ ಮಾತು: "ಎತ್ತರ ಒಂದ ಕಡಿಮಿ ಅದ ನೋಡು. ಉಳದದ್ದೆಲ್ಲಾ ಅದ." ಉಳಿದದ್ದು ಏನು ಎಂದು ನಾನು ಕೇಳುತ್ತಿರಲಿಲ್ಲ. ಅಂಕಗಳ ಹಾಳೆ ನನ್ನ ತೊಡೆಯ ಮೇಲೇ ಇರುತ್ತಿತ್ತು.

ಎತ್ತರ ನಮ್ಮ ಎದುರು ಮನೆಯಲ್ಲೇ ವಾಸವಾಗಿತ್ತು. ಅದು ಗೊತ್ತಾದದ್ದು ಒಗ್ಗರಣೆಯಿಂದ. ಒಗ್ಗರಣೆಗೂ ಈ ದೇಶದ ಹೊಗೆ ಅಲಾರಂಗೂ ಇರುವ ವೈರ ಇಲ್ಲಿಯ ಕನ್ನಡಿಗರಿಗೆಲ್ಲ ಗೊತ್ತು. ಅಕ್ಟೋಬರಿನ ಒಂದು ಭಾನುವಾರ ಒಣಮೆಣಸಿನಕಾಯಿ ಸ್ವಲ್ಪ ಕಪ್ಪಾಯಿತು, ಅಲಾರಂ ಚೀರತೊಡಗಿತು. ಪ್ರಶಾಂತ ಕುರ್ಚಿ ಹತ್ತಿ ಟವೆಲ್ ಬೀಸಿದ. ನಾನು ಬಾಗಿಲು ತೆರೆದೆ. ಬಾಗಿಲಲ್ಲಿ ಒಂದು ಎದೆ ನಿಂತಿತ್ತು. ಮುಖಕ್ಕಾಗಿ ನಾನು ಮೇಲೆ ನೋಡಬೇಕಾಯಿತು. ಅವರು ಚಪ್ಪಲಿಯನ್ನು ಹೊರಗೇ ಬಿಟ್ಟು, ತಲೆ ತಗ್ಗಿಸಿ ಒಳಗೆ ಬಂದು, ಕೈ ಪೂರ್ತಿ ಚಾಚುವ ಕಷ್ಟವನ್ನೂ ತೆಗೆದುಕೊಳ್ಳದೆ ಅಲಾರಂನ ಗುಂಡಿ ಒತ್ತಿದರು. ಆಮೇಲೆ ಮೂಗರಳಿಸಿ, ಏನು ಅಡುಗೆ ಎಂದು ಕೇಳಿದರು. ಕುರ್ಚಿಯ ಮೇಲೆ ನಿಂತಿದ್ದ ಪ್ರಶಾಂತ ಅವರನ್ನು ನೋಡಿದ ನೋಟದಿಂದ ನನ್ನನ್ನು ಒಮ್ಮೆಯೂ ನೋಡಿಲ್ಲ.

ಅವರ ಹೆಸರು ವಿಂಕೊ. ಕ್ರೊಯೇಷಿಯಾದ ಸಮುದ್ರದಂಡೆಯ ಒಂದು ಊರಿನವರು, ವಯಸ್ಸು ನಲವತ್ತು ದಾಟಿದೆ. ಪುಟ್ಟ ಕಾರೊಂದಿದೆ. ಮುಂದಿನ ಸೀಟನ್ನು ಎಷ್ಟು ಹಿಂದಕ್ಕೆ ತಳ್ಳಿದ್ದಾರೆಂದರೆ ಹಿಂದಿನ ಸೀಟಿನಲ್ಲಿ ಕೂತು ಓಡಿಸುತ್ತಿದ್ದಾರೇನೋ ಅನಿಸುತ್ತದೆ. ಅನ್ನ ಸಾರು ಉಂಡು, ಕಾಫಿ ಕುಡಿಯುತ್ತ ಅವರೇ ತಮ್ಮ ಕಥೆ ಹೇಳಿದರು. ಹುಡುಗನಾಗಿದ್ದಾಗ ಅವರ ಊರಿನ ತರಬೇತುದಾರ, ಇವನಿಗೆ ದೇವರು ಲಾರಿಯ ಮೈ ಕೊಟ್ಟು ಅಕ್ಕಸಾಲಿಯ ಬೆರಳು ಕೊಟ್ಟಿದ್ದಾನೆ ಎನ್ನುತ್ತಿದ್ದರಂತೆ. ಇಪ್ಪತ್ತೆರಡಕ್ಕೆ ಇಲ್ಲಿಯ ದೊಡ್ಡ ತಂಡವೊಂದು ಕರೆಸಿಕೊಂಡಿತು. ಸೆಂಟರ್ ಜಾಗ, ಅಂದರೆ ಬುಟ್ಟಿಯ ಕೆಳಗೆ ಬೆನ್ನು ಕೊಟ್ಟು ನಿಂತು ಆಟವನ್ನೆಲ್ಲ ತಿರುಗಿಸುವ ಜಾಗ. ಮೊದಲ ಚಳಿಗಾಲದಲ್ಲೇ ಎಡ ಮೊಣಕಾಲು ಹೋಯಿತು. ಅದು ಸರಿಯಾಯಿತು ಎನ್ನುವಾಗ ಬೆನ್ನು. ಬೆನ್ನು ಏಳುವ ಹೊತ್ತಿಗೆ, ಎಡಗಾಲಿನ ಕೆಲಸವನ್ನೂ ತಾನೇ ಮಾಡುತ್ತಿದ್ದ ಬಲ ಮೊಣಕಾಲು. ಒಳ್ಳೆಯ ವರ್ಷಗಳೆಲ್ಲ ಆಸ್ಪತ್ರೆಯ ಛಾವಣಿ ನೋಡುವುದರಲ್ಲಿ ಕಳೆದವು. ಈಗ ಪಕ್ಕದ ಊರು ಪಿಸ್ಕಾಟವೇಯಲ್ಲಿ ನೆಲದ ಟೈಲ್ಸ್ ಮಾರುವ ಅಂಗಡಿಯಲ್ಲಿದ್ದಾರೆ. ಛಾವಣಿಯಿಂದ ನೆಲಕ್ಕೆ ಇಳಿದೆ ಎಂದು ಹೇಳಿ ಅವರೊಬ್ಬರೇ ನಕ್ಕರು.

ನಮ್ಮ ಲೀಗಿನಲ್ಲಿ ಪ್ರತಿ ತಂಡವೂ ಸಂಘದ ಸದಸ್ಯನಲ್ಲದ ಒಬ್ಬ ಗೆಳೆಯನನ್ನು ಆಡಿಸಬಹುದು. ಪ್ರಶಾಂತ ಆ ನಿಯಮವನ್ನು ಬಾಯಿಪಾಠ ಮಾಡಿಕೊಂಡು ವಿಂಕೊ ಅವರ ಬೆನ್ನು ಬಿದ್ದ. ಚಿತ್ರಾನ್ನ ಕೊಟ್ಟು ಕೇಳಿದ, ಆಗುವುದಿಲ್ಲ ಎಂದರು. ಬಿಸಿಬೇಳೆಭಾತ್ ಕೊಟ್ಟು ಕೇಳಿದ, ಭಾತ್ ಚೆನ್ನಾಗಿದೆ, ಆಗುವುದಿಲ್ಲ ಎಂದರು. ಹೊಸ ವರ್ಷದ ಮರುದಿನ ಅವರೇ ಬಂದು ಬಾಗಿಲು ತಟ್ಟಿದರು. ಪಂದ್ಯ ಎಷ್ಟು ಹೊತ್ತು ಎಂದು ಕೇಳಿದರು. ನಲವತ್ತು ನಿಮಿಷ, ಮುಂದಿನದು ಮಾರ್ಚ್‌ನಲ್ಲಿ ಎಂದೆ. ಕಾಲನ್ನೊಮ್ಮೆ ನೋಡಿಕೊಂಡು, ಒಂದು ಷರತ್ತು ಎಂದರು.

"ಗೆಲ್ಲಿಸುತ್ತೇನೆ ಎಂದು ಹೇಳುವುದಿಲ್ಲ. ಕೊನೆಯ ಹಾರ್ನ್ ಕೂಗುವಾಗ ನಾನು ಅಂಕಣದ ಒಳಗೆ ಇರಬೇಕು. ಕುಂಟಿದರೂ ಸರಿ, ಬಿದ್ದರೂ ಸರಿ, ಯಾರೂ ನನ್ನನ್ನು ಹೊರಗೆ ಕರೆಯಬಾರದು."

ಮೊದಲ ಗಾಯದ ನಂತರ ಅವರು ಒಂದು ಪಂದ್ಯವನ್ನೂ ಕೊನೆಯವರೆಗೆ ಆಡಿರಲಿಲ್ಲ. ಒಂದೋ ಹೊತ್ತುಕೊಂಡು ಹೋಗಿದ್ದರು, ಇಲ್ಲವೇ ಯಾರಾದರೂ ಜಾಗ್ರತೆಯಿಂದ ಕರೆದು ಕೂರಿಸಿದ್ದರು. ಕೊನೆಗೊಂದು ದಿನ ಹಾಗೆ ಕೂತವರನ್ನು ಮತ್ತೆ ಯಾರೂ ಏಳಿಸಲಿಲ್ಲ. "ನನ್ನ ಮೇಲೆ ಎಲ್ಲರಿಗೂ ಬಹಳ ಕಾಳಜಿ," ಎಂದರು ವಿಂಕೊ. "ಆ ಕಾಳಜಿಯಲ್ಲೇ ನಾನು ಮುಗಿದೆ."

ಪ್ರಶಾಂತ ಕೈ ಕೊಟ್ಟು ಮಾತು ಕೊಟ್ಟ. ಕೊಟ್ಟ ಕೈ ಅವರ ಅಂಗೈಯೊಳಗೆ ಎಲ್ಲಿ ಹೋಯಿತೋ ಕಾಣಲಿಲ್ಲ.

ಅವತ್ತಿನಿಂದ ಅವರು ಹಿಡಿದ ಪಟ್ಟು ನೋಡಿ ನನಗೆ ನಾಚಿಕೆಯಾಗುತ್ತಿತ್ತು. ಜನವರಿ ಪೂರ್ತಿ, ಫೆಬ್ರವರಿ ಪೂರ್ತಿ, ನಾನು ಕಿಟಕಿಯಲ್ಲಿ ಕಾಫಿ ಹಿಡಿದು ನಿಲ್ಲುವ ಹೊತ್ತಿಗೆ ಅವರು ಹಿಮ ಸರಿಸಿದ ಪಾರ್ಕಿಂಗ್ ಜಾಗದಲ್ಲಿರುತ್ತಿದ್ದರು. ಕಾಲಿಗೆ ರಬ್ಬರ್ ಪಟ್ಟಿ ಕಟ್ಟಿಕೊಂಡು ಏಡಿಯ ಹಾಗೆ ಪಕ್ಕಕ್ಕೆ ನಡೆಯುವರು. ಮೆಟ್ಟಿಲ ಮೇಲೆ ಕೂರುವರು, ಕೈ ಊರದೆ ಏಳುವರು. ಏಳಲಾಗದ ದಿನ ಮುಖ ಒರೆಸಿಕೊಂಡು ಮತ್ತೆ ಕೂರುವರು. ಇದೇ ಜನವರಿಯಲ್ಲಿ ನಾನೂ ಬೆಳಿಗ್ಗೆ ಯೋಗ ಮಾಡುತ್ತೇನೆಂದು ಒಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿದ್ದೆ. ಪಟ್ಟಿ ಬಹಳ ಅಚ್ಚುಕಟ್ಟಾಗಿತ್ತು. ತಮ್ಮ ಮೊಣಕಾಲಿನ ಸ್ವಭಾವವನ್ನು ಅವರು ನನಗೆ ಬಿಡಿಸಿ ಹೇಳಿದ್ದರು. ಅದು ಹಳೆಯ ಡೀಸೆಲ್ ಎಂಜಿನ್ ಇದ್ದಂತೆ. ಬಿಸಿಯಾಗಲು ಒಂದು ಗಂಟೆ ಬೇಕು, ಬಿಸಿಯಾದ ಮೇಲೆ ಆರಿಸಬಾರದು. ಐದು ನಿಮಿಷ ಕೂತರೆ ಮತ್ತೆ ಗಟ್ಟಿಯಾಗುತ್ತದೆ. ಹಾಗಾಗಿ ಪಂದ್ಯದ ದಿನ ಅವರು ತಿಂಡಿಯನ್ನೂ ನಿಂತೇ ತಿನ್ನುವವರು. ನಾನು ಇದನ್ನು ಬರೆದುಕೊಂಡೆ, ಪ್ರಶಾಂತನಿಗೆ ಹೇಳಿದೆ, ತಂಡದವರಿಗೆಲ್ಲ ಹೇಳಿದೆ. ಸಂಘದ ಅಧ್ಯಕ್ಷರಿಗೆ ಹೇಳಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಪಂದ್ಯದ ಬೆಳಿಗ್ಗೆ ಪಿಸ್ಕಾಟವೇಯ ಶಾಲೆಯೊಂದರ ಒಳಾಂಗಣದಲ್ಲಿ ವಿಂಕೊ ಒಂದು ಗಂಟೆ ಬೆವರಿಳಿಸಿ ಎಂಜಿನ್ ಬಿಸಿ ಮಾಡಿಕೊಂಡರು. ಆಟ ಶುರುವಾಗಲು ಇನ್ನೇನು ಐದು ನಿಮಿಷವಿದೆ ಎನ್ನುವಾಗ ಅಧ್ಯಕ್ಷರಾದ ನಾಗರಾಜ ಅಂಕಲ್ ರೇಷ್ಮೆ ಜುಬ್ಬಾ ಹಾಕಿಕೊಂಡು ಒಳಗೆ ಬಂದರು. ಮೈಸೂರಿನವರು, ಬಹಳ ಒಳ್ಳೆಯವರು. ಅವರ ಹಿಂದೆ ಒಬ್ಬರ ಕೈಯಲ್ಲಿ ಶಾಲು, ಇನ್ನೊಬ್ಬರ ಕೈಯಲ್ಲಿ ಪೇಟ, ಮತ್ತೊಬ್ಬರ ಕೈಯಲ್ಲಿ ಹಣ್ಣಿನ ಬುಟ್ಟಿ. ನಾನು ಸ್ಕೋರ್ ಬರೆಯುವ ಮೇಜು ಬಿಟ್ಟು ಎದ್ದುಹೋದೆ.

"ಅಂಕಲ್, ಈಗ ಬೇಡ. ಪಂದ್ಯ ಆದ್ಮೇಲೆ ಮಾಡಿ," ಎಂದೆ.

"ಏನಮ್ಮಾ ಸುಮಾ, ಅಷ್ಟು ದೊಡ್ಡ ಇಂಟರ್‌ನ್ಯಾಷನಲ್ ಪ್ಲೇಯರ್ ನಮ್ಮ ಸಂಘಕ್ಕೆ ಬಂದಿದಾರೆ, ಕೂಲಿ ಆಳಿನ ಥರ ಆಡಿಸ್ಬಿಟ್ಟು ಕಳಿಸೋದಾ? ಜಸ್ಟ್ ಫೈವ್ ಮಿನಿಟ್ಸ್."

"ಅವರು ಕೂತ್ರೆ ಕಾಲು ಹಿಡ್ಕೊಳ್ಳತ್ತೆ, ಅಂಕಲ್."

"ಸನ್ಮಾನನ ನಿಂತ್ಕೊಂಡು ಮಾಡಿಸ್ಕೊಳ್ತಾರೇನಮ್ಮಾ ಯಾರಾದ್ರೂ? ಮೇಲಾಗಿ, ನಿಂತ್ರೆ ಪೇಟ ಇಡೋಕೆ ನಂಗೆ ಏಣಿ ಬೇಕಾಗತ್ತೆ."

ಅಂಕಣದ ನಡುವೆ ಮಡಿಸುವ ಕುರ್ಚಿ ಬಂತು. ಇದು ನಮ್ಮವರ ಪ್ರೀತಿ ಎಂದು ಪ್ರಶಾಂತ ಅಳುಮುಖ ಮಾಡಿಕೊಂಡು ವಿವರಿಸಿದ. ಪ್ರೀತಿ ಎಂಬ ಮಾತು ಕೇಳಿದ ಕೂಡಲೇ ವಿಂಕೊ ಅವರ ಮುಖದಲ್ಲಿ ಹಳೆಯ ಪರಿಚಯವೊಂದು ಮೂಡಿತು. ಕೂತರು.

ಸ್ವಾಗತ ಭಾಷಣವಾಯಿತು. ಪ್ರಾಸ್ತಾವಿಕ ನುಡಿಯಾಯಿತು. ಒಬ್ಬರು ಕ್ರೀಡೆಯ ಮಹತ್ವದ ಬಗ್ಗೆ ಮಾತಾಡುತ್ತ ತಮ್ಮ ಕಾಲೇಜಿನ ಕಬಡ್ಡಿಗೆ ಹೋದವರು ಬೇಗ ವಾಪಸು ಬರಲಿಲ್ಲ. ಶಾಲು, ಹಾರ, ಪೇಟ. ಎದುರು ತಂಡದ ಎಡಿಸನ್ ಊರಿನ ಹುಡುಗರೂ ನಿಂತು ಚಪ್ಪಾಳೆ ತಟ್ಟಿದರು, ಅವರಿಗೆ ಎಷ್ಟು ಲಾಭವಾಗುತ್ತಿದೆ ಎಂದು ಗೊತ್ತಿಲ್ಲದೆ. ಶಾಲಿನ ಕೆಳಗೆ ವಿಂಕೊ ಎರಡೂ ಕೈಯಿಂದ ಮೊಣಕಾಲು ತಿಕ್ಕುತ್ತಿರುವುದು ನನ್ನ ಮೇಜಿನಿಂದ ಕಾಣುತ್ತಿತ್ತು. ವಂದನಾರ್ಪಣೆಯಲ್ಲಿ ಹಣ್ಣು ತಂದವರ ಹೆಸರು ಬಿಟ್ಟುಹೋಗಿ, ಅದನ್ನು ಸೇರಿಸಿ ಇನ್ನೊಮ್ಮೆ ವಂದಿಸಲಾಯಿತು. ಐದು ನಿಮಿಷ ಎಂದದ್ದು ಮೂವತ್ತೊಂದಾಯಿತು. ನಮ್ಮ ಸಂಘದ ಮಟ್ಟಿಗೆ ಅದು ಚುಟುಕೇ.

ಏಳುವ ಹೊತ್ತಿಗೆ ಅವರಿಗೆ ಏಳಲಾಗಲಿಲ್ಲ. ಒಮ್ಮೆ ಯತ್ನಿಸಿದರು, ಕುರ್ಚಿಯೂ ಅವರ ಜೊತೆ ಎದ್ದಿತು. ಇಬ್ಬರು ಓಡಿ ಬಂದು ತೋಳು ಹಿಡಿಯಲು ನೋಡಿದರು. ಬೇಡ ಎಂದು ಕಣ್ಣಲ್ಲೇ ತಡೆದು, ಪಾರ್ಕಿಂಗ್ ಜಾಗದ ಮೆಟ್ಟಿಲ ಮೇಲೆ ಮಾಡುತ್ತಿದ್ದಂತೆ ಮುಖ ಒರೆಸಿಕೊಂಡು, ಕೈ ಊರದೆ ಎದ್ದರು. ಪೇಟ ತೆಗೆದು ಪ್ರಶಾಂತನ ತಲೆಗೆ ಇಟ್ಟು, ಆಟ ಶುರು ಮಾಡಿ ಎಂದರು.

ಜಿಗಿಯಲಂತೂ ಆಗುತ್ತಿರಲಿಲ್ಲ. ಬುಟ್ಟಿಯ ಕೆಳಗೆ ಹೋಗಿ ಬೆನ್ನು ಕೊಟ್ಟು ನಿಂತರು, ಮತ್ತೆ ಅಲ್ಲಿಂದ ಹೆಚ್ಚು ಕದಲಲಿಲ್ಲ. ಆದರೆ ಆ ಬೆರಳುಗಳು. ಚೆಂಡು ಅವರ ಕೈಗೆ ಹೋಗಿ ಎಲ್ಲಿಂದ ಹೊರಗೆ ಬರುತ್ತದೆಂದು ಎದುರಾಳಿಗಳಿಗೆ ತಿಳಿಯುತ್ತಿರಲಿಲ್ಲ. ನಮ್ಮವರಿಗೂ ತಿಳಿಯುತ್ತಿರಲಿಲ್ಲ. ತಿರುಗಿ ನೋಡದೆ ಭುಜದ ಮೇಲಿಂದ ಕೊಟ್ಟ ಮೊದಲ ಪಾಸು ಪ್ರಶಾಂತನ ಮೂಗಿಗೆ ಬಿತ್ತು. ಎರಡನೆಯದು ಎದೆಗೆ. ಮೂರನೆಯದನ್ನು ಅವನು ಹೆದರಿಕೆಯಿಂದ ಹಿಡಿದ, ಹಿಡಿದ ಗಾಬರಿಯಲ್ಲಿ ಎಸೆದ, ಅದು ಬುಟ್ಟಿಯೊಳಗೆ ಬಿತ್ತು. ಆಮೇಲೆ ನಮ್ಮವರು ಕೈ ಮುಂದಿಟ್ಟುಕೊಂಡೇ ಓಡಾಡಲು ಕಲಿತರು. ಅರ್ಧ ಆಟದ ಬಿಡುವಿನಲ್ಲಿ ಎಲ್ಲರೂ ಕೂತರು, ವಿಂಕೊ ಗೋಡೆಯುದ್ದಕ್ಕೂ ನಡೆದರು.

ಕೊನೆಯ ನಾಲ್ಕು ನಿಮಿಷವಿದ್ದಾಗ ನಾವು ಒಂದು ಅಂಕ ಮುಂದಿದ್ದೆವು. ತಂಡದ ಇತಿಹಾಸದಲ್ಲಿ ಅದು ಮೊದಲು. ಅಷ್ಟರಲ್ಲಿ ಎಡಿಸನ್ ಹುಡುಗರಿಗೆ ಉಪಾಯ ಹೊಳೆದಿತ್ತು: ವಿಂಕೊ ನಿಂತ ಕಡೆಯಿಂದಲೇ ಓಡುವುದು. ಅವರು ಒಂದು ಹೆಜ್ಜೆ ಇಡುವಷ್ಟರಲ್ಲಿ ಹುಡುಗರು ಆಚೆ ಇರುತ್ತಿದ್ದರು. ಎಡಗಾಲು ಈಗ ಎಳೆಯುತ್ತಿತ್ತು. ನಾಗರಾಜ ಅಂಕಲ್ ತಮ್ಮ ಅಳಿಯನನ್ನು ಬದಲಿ ಆಟಗಾರನಾಗಿ ಎಳೆದುಕೊಂಡು ನನ್ನ ಮೇಜಿಗೆ ಬಂದರು. ಬದಲಿಯವರು ಒಳಗೆ ಹೋಗಬೇಕಾದರೆ ನಾನು ಹಾರ್ನ್ ಒತ್ತಬೇಕು.

"ಒತ್ತಮ್ಮಾ. ಪಾಪ, ನೋಡೋಕಾಗ್ತಿಲ್ಲ. ಅವರೂ ಕೂತ್ಕೊಳ್ಳಲಿ, ನಾವೂ ಗೆಲ್ಲೋಣ."

ಅಂಕಣದೊಳಗಿಂದ ಪ್ರಶಾಂತ ನನ್ನ ಕಡೆ ನೋಡಿದ. ಗೆಲುವಿನ ಆಸೆ ಮೂಗಿನ ಊತಕ್ಕಿಂತ ಸ್ಪಷ್ಟವಾಗಿ ಕಾಣುತ್ತಿತ್ತು. ಮಾತು ಕೊಟ್ಟವನು ಅವನು, ಗುಂಡಿ ಇದ್ದದ್ದು ನನ್ನ ಕೈಯಲ್ಲಿ. ಅವನಾಚೆ ವಿಂಕೊ ಸೊಂಟದ ಮೇಲೆ ಕೈಯಿಟ್ಟು ನನ್ನ ಮೇಜನ್ನೇ ನೋಡುತ್ತಿದ್ದರು. ಹೀಗೆ ಎಷ್ಟು ಮೇಜುಗಳ ಕಡೆ ನೋಡಿದ್ದರೋ.

"ಹಾರ್ನ್ ಕೆಟ್ಟಿದೆ ಅಂಕಲ್," ಎಂದೆ.

"ಈಗ ತಾನೇ ಕೂಗ್ತಲ್ಲಮ್ಮಾ?"

"ಈಗ ತಾನೇ ಕೆಟ್ಟಿದ್ದು," ಎಂದು ಗುಂಡಿಯ ಮೇಲೆ ಎರಡೂ ಅಂಗೈ ಮುಚ್ಚಿ ಕೂತೆ. ಅಳಿಯ ಮಾವನ ಮುಖ ನೋಡಿದ, ಮಾವ ನನ್ನ ಮುಖ ನೋಡಿದರು. ಪ್ರಶಾಂತ ಒಮ್ಮೆ ನಿಟ್ಟುಸಿರುಬಿಟ್ಟು, ವಿಂಕೊ ಅವರ ಎಡಗಡೆ ಹೋಗಿ, ಅವರು ತಲುಪಲಾಗದ ಜಾಗಕ್ಕೆಲ್ಲ ತಾನೇ ಓಡತೊಡಗಿದ.

ನಾವು ಮೂರು ಅಂಕದಿಂದ ಸೋತೆವು. ಸಮಯ ಮುಗಿದಾಗ ಹಾರ್ನ್ ಒತ್ತುವುದೂ ನನ್ನ ಕೆಲಸವೇ ಎಂಬುದು ನನಗೆ ನೆನಪಾದದ್ದು ಗಡಿಯಾರ ಸೊನ್ನೆಗೆ ಬಂದಾಗ. ಬೇರೆ ದಾರಿಯಿರಲಿಲ್ಲ, ಒತ್ತಿದೆ. ಕೆಟ್ಟ ಹಾರ್ನ್ ಕಿವಿ ಕಿತ್ತುಹೋಗುವಂತೆ ಕೂಗಿತು. ನಾಗರಾಜ ಅಂಕಲ್ ನನ್ನನ್ನು ದುರುಗುಟ್ಟಿ ನೋಡಿದರು. ವಿಂಕೊ ನಿಂತಲ್ಲೇ ನಿಂತು ಆ ಸದ್ದು ಪೂರ್ತಿ ಅಡಗುವವರೆಗೆ ಕೇಳಿಸಿಕೊಂಡರು. ಆಮೇಲೆ ಯಾರ ಭುಜವನ್ನೂ ಹಿಡಿಯದೆ, ಎಳೆಯುವ ಕಾಲನ್ನು ಎಳೆದುಕೊಂಡೇ ಗೆರೆಯಿಂದಾಚೆ ನಡೆದು ಬಂದು, ಹಣ್ಣಿನ ಬುಟ್ಟಿಯಿಂದ ಒಂದು ಸೇಬು ತೆಗೆದು ಕಚ್ಚಿದರು. ಅವರು ಯಾಕೆ ಅಷ್ಟು ನಗುತ್ತಿದ್ದಾರೆಂದು ಎಡಿಸನ್ ಹುಡುಗರಿಗೆ ಅರ್ಥವಾಗಲಿಲ್ಲ. ಗೆದ್ದವರು ಆ ಹುಡುಗರು.

ಇನ್ನು ನನ್ನ ಸಂಕಟ. ಆ ಕೊನೆಯ ನಾಲ್ಕು ನಿಮಿಷ ನನ್ನ ಎರಡೂ ಅಂಗೈ ಗುಂಡಿಯ ಮೇಲಿದ್ದವು, ಕಣ್ಣು ಒಂದು ಎಡಗಾಲಿನ ಮೇಲಿತ್ತು. ಹಾಳೆಯಲ್ಲಿ ಏನೂ ಬರೆದಿಲ್ಲ. ಗೋಡೆಯ ಬೋರ್ಡನ್ನು ನಡೆಸುತ್ತಿದ್ದವರ ಪುಣ್ಯದಿಂದ ಒಟ್ಟು ಅಂಕವಷ್ಟೇ ಗೊತ್ತು. ಕೊನೆಗೆ ನಮ್ಮ ಕಡೆಯಿಂದ ಎರಡು ಬುಟ್ಟಿ ಬಿದ್ದಿವೆ, ಹಾಕಿದವರು ಯಾರೋ ತಿಳಿಯದು. ಎರಡೂ ತನ್ನವು ಎಂದು ಪ್ರಶಾಂತ ಹೇಳುತ್ತಾನೆ. ಹೆಂಡತಿಯ ವಿಶ್ವಾಸ ದಾಖಲೆಯಾಗುವುದಿಲ್ಲ. ನನ್ನ ಕಣ್ಣಲ್ಲಿ ನೀರು ಬಂದಿತ್ತು ಎಂದೂ ಅವನು ಹೇಳುತ್ತಾನೆ, ಅದೂ ಎಲ್ಲಿಯೂ ಬರೆದಿಲ್ಲ, ಆದ್ದರಿಂದ ನಡೆದಿಲ್ಲ. ಆ ಬೆಳಿಗ್ಗೆ ಅಲ್ಲಿದ್ದು, ಆ ಎರಡು ಬುಟ್ಟಿ ಯಾರವೆಂದು ಕಂಡವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಒಂದು ಸಾಲು ಬರೆಯಿರಿ. ಹಾರ್ನ್ ವಿಷಯ ಬರೆಯಬೇಡಿ. ಅದನ್ನು ನಾಗರಾಜ ಅಂಕಲ್ ಈಗಾಗಲೇ ಇಡೀ ನ್ಯೂಜೆರ್ಸಿಗೆ ತಿಳಿಸಿದ್ದಾರೆ.