ತಕ್ಕಡಿ ಒಪ್ಪಿದ ಪುಸ್ತಕ

ರಾಯಚೂರು, ದೇವದುರ್ಗ, ಮಾನ್ವಿ ಈ ಮೂರೂ ಕಡೆಯ ಸಾಲಿ ಕಾಲೇಜುಗಳಲ್ಲಿ ೧೯೭೯ರಲ್ಲಿ ಯಾವ ಪುಸ್ತಕ ಓದಬೇಕು ಎಂದು ತೀರ್ಮಾನಿಸಿದವನು ನಾನು. ನನಗೆ ಅಂದೂ ಅಕ್ಷರ ಬರುತ್ತಿರಲಿಲ್ಲ, ಇಂದೂ ಬರುವುದಿಲ್ಲ. ನಾನು ಹೇಳುತ್ತೇನೆ, ಬರುವವರು ಬರೆದುಕೊಳ್ಳಲಿ. ಸುಳ್ಳು ಅನ್ನುವವರು ಅಂದಿನ ಪುಸ್ತಕ ಆಯ್ಕೆ ಸಮಿತಿಯ ಸದಸ್ಯರನ್ನು ವಿಚಾರಿಸಬಹುದು. ಅವರೆಲ್ಲ ತೀರಿಕೊಂಡಿದ್ದಾರೆ.

ನನ್ನ ಹೆಸರು ತಾಯಪ್ಪ. ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ ಹತ್ತಿ ತೂಗುತ್ತಿದ್ದೆ. ನನ್ನ ತಕ್ಕಡಿ ಎಷ್ಟು ನಿಯತ್ತಿನದು ಅಂದರೆ, ಒಮ್ಮೆ ಹತ್ತಿಯ ಮೇಲೆ ನೊಣ ಕುಂತದ್ದಕ್ಕೆ ಮುಳ್ಳು ವಾಲಿತು; ಆ ನೊಣದ ತೂಕವನ್ನು ನಾನು ರೈತನ ಲೆಕ್ಕದಿಂದ ಕಳೆದೆ.

ಆ ವರ್ಷ ಮೇಲಿನಿಂದ ಆದೇಶ ಬಂತು: “ಮಕ್ಕಳು ಓದುವ ಪುಸ್ತಕಗಳಲ್ಲಿ ಎಲ್ಲ ಜಾತಿ, ಎಲ್ಲ ಮತ, ಎಲ್ಲ ಓಣಿಯ ಜನರೂ ಇರತಕ್ಕದ್ದು.” ಸಮಿತಿ ಕೂತಿತು. ಒಬ್ಬರು ಓದಿ ಒಪ್ಪಿದ್ದನ್ನು ಇನ್ನೊಬ್ಬರು ಓದದೆಯೇ ತಳ್ಳಿಹಾಕಿದರು. ಇದರಲ್ಲಿ ನಮ್ಮವರಿಲ್ಲ ಎಂದು ಒಬ್ಬರು ಎದ್ದುಹೋದರೆ, ನಮ್ಮವರಿದ್ದಾರೆ ಆದರೆ ಕುರಿ ಕದಿಯುತ್ತಿದ್ದಾರೆ ಎಂದು ಮತ್ತೊಬ್ಬರು ಎದ್ದುಹೋದರು. ತಿನ್ನಲು ಮಂಡಾಳೊಗ್ಗರಣೆ, ಮಿರ್ಚಿ ಬಂದಾಗ ಮಾತ್ರ ಎಲ್ಲರೂ ಮರಳಿ ಬರುತ್ತಿದ್ದರು.

ಕೊನೆಗೆ ಅಧ್ಯಕ್ಷರಾದ ವೆಂಕೋಬರಾವ್ ಸಾಹೇಬರು ಮೇಜು ಗುದ್ದಿ ನಿಯಮ ಮಾಡಿದರು: “ಓದಿದವನು ಪಕ್ಷಪಾತಿ. ಆದ್ದರಿಂದ ಆಯ್ಕೆಗೆ ಬಂದ ಪುಸ್ತಕವನ್ನು ಯಾರೂ ತೆರೆಯತಕ್ಕದ್ದಲ್ಲ. ಒಳಗೆ ಹೆಚ್ಚು ಜನರಿದ್ದರೆ ಪುಸ್ತಕ ಭಾರವಾಗುವುದು ಸ್ವಾಭಾವಿಕ. ಅರ್ಧ ಕಿಲೋಗಿಂತ ಹಗುರವಿದ್ದರೆ ಯಾರೋ ಬಿಟ್ಟುಹೋಗಿದ್ದಾರೆಂದು ತಿಳಿಯತಕ್ಕದ್ದು.”

ಹೀಗೆ ನನಗೆ ಬುಲಾವು ಬಂತು.

“ಓದಾಕ ಬರ್ತದೇನು?” ಸಾಹೇಬರು ಕೇಳಿದರು.

“ಇಲ್ರೀ.”

“ಖರೇ ಹೇಳು. ಬಸ್ಸಿನ ಬೋರ್ಡು?”

“ಕಂಡಕ್ಟರನ ಮುಖ ನೋಡಿ ಹತ್ತತೀನ್ರೀ.”

“ಭೇಷ್! ನೀನ ನಮ್ಮ ತಜ್ಞ.”

ಪುಸ್ತಕ ಸರಬರಾಜಿನ ಗುತ್ತಿಗೆದಾರ ಮಾನ್ವಿಯ ಪಕೀರಪ್ಪ. ಮೊದಲು ಹತ್ತಿ ವ್ಯಾಪಾರಿ. ತೂಕ ಬರಲೆಂದು ಹತ್ತಿಗೆ ನೀರು ಹೊಡೆಯುವುದರಲ್ಲಿ ಪಳಗಿದ ಕೈ. ಅವನ ಮೊದಲ ಪುಸ್ತಕ ಎತ್ತಿದರೆ ಮೊಣಕೈವರೆಗೂ ನೀರು ಇಳಿಯಿತು.

“ಯಾಕಪಾ, ತೊಯ್ದದಲ್ಲ?”

“ಕೃಷ್ಣಾ ನದಿ ಮ್ಯಾಲಿನ ಪುಸ್ತಕ ತಾಯಪ್ಪಣ್ಣ. ನೀರಿರಲಾರದ ಹ್ಯಾಂಗ?”

“ಮತ್ತ ಈ ಎರಡನೇದು? ಮರುಭೂಮಿದಂತಲ್ಲ?”

“ಅದರಾಗ ಮಂದಿ ಬಾಳ ಅಳ್ತಾರ.”

“ತೇವಾಂಶವು ವಿಷಯಕ್ಕೆ ಪೂರಕವಾಗಿದೆ” ಎಂದು ಸಮಿತಿ ದಾಖಲಿಸಿ ಎರಡನ್ನೂ ಒಪ್ಪಿತು.

ಆಮೇಲೆ ದೇವದುರ್ಗದ ಹೆಣ್ಣುಮಕ್ಕಳ ಸಾಲಿಯ ಸುಗ್ರಾ ಬೇಗಂ ಟೀಚರ್ ಬಂದರು. ಕೈಯಲ್ಲಿ ಒಂದು ತೆಳ್ಳನೆಯ ಪುಸ್ತಕ. ತಕ್ಕಡಿಯ ಒಂದು ಪರಡಿಯಲ್ಲಿ ಅದನ್ನಿಟ್ಟೆ, ಎದುರಿನದರಲ್ಲಿ ಅರ್ಧ ಕಿಲೋ ಕಲ್ಲು. ತಕ್ಕಡಿ ಅಲ್ಲಾಡಲಿಲ್ಲ.

“ಇದರಾಗ ಯಾರೂ ಇಲ್ಲ” ಅಂದರು ಸಾಹೇಬರು.

“ಅದಾರ್ರೀ ಸಾಹೇಬ್ರ. ಹಮಾಲಿ ಮಾಡೋನ ಮಗಳದಾಳ, ಬಳಿ ಮಾರೋಕಿ ಮಗಳದಾಳ, ಇಬ್ರೂ ಕೂಡಿ ಸಾಲಿಗೆ ಹೋಗ್ತಾರ. ನಮ್ಮ ಹುಡುಗ್ಯಾರಿಗೆ ತಮ್ಮಂಥೋರು ಕಾಣೋ ಪುಸ್ತಕ ಇದೊಂದ.”

“ಇದ್ದರ ತೂಗಬೇಕಿತ್ತಲ್ಲ?”

“ಹೊಟ್ಟಿಗಿಲ್ಲದ ಮಂದಿ ರೀ. ಎಷ್ಟು ತೂಗ್ಯಾರು?”

ಸಮಿತಿ ಇದನ್ನು ಗಂಭೀರವಾಗಿ ಚರ್ಚಿಸಿ, ಮುಂದಿನ ವರ್ಷ ಆ ಮಂದಿ ಮೈ ತುಂಬಿಕೊಂಡ ಮೇಲೆ ತರುವಂತೆ ಸೂಚಿಸಿತು.

“ಮುಂದಿನ ವರ್ಷ ಅನಬ್ಯಾಡ್ರಿ” ಅಂದರು ಟೀಚರ್. “ಅಷ್ಟೊತ್ತಿಗೆ ಅರ್ಧ ಹುಡುಗ್ಯಾರು ಸಾಲಿ ಬಿಟ್ಟು ಹತ್ತಿ ಬಿಡಿಸಾಕ ಹೋಗಿರ್ತಾರ. ಈ ವರ್ಷ ಇದು ಸಿಗಲಿಲ್ಲಂದ್ರ ಅವರಿಗೆ ಯಾವತ್ತೂ ಸಿಗಂಗಿಲ್ಲ.”

ನಾನು ಅವರನ್ನು ಹೊರಗೆ ಕರೆದು ಹೇಳಿದೆ: “ಟೀಚರಮ್ಮಾ, ಇದಕ್ಕ ಒಂದು ಗಟ್ಟಿ ರಟ್ಟು ಹಾಕಸೋಣು ಬರ್ರಿ.” ಎಷ್ಟು ಗಟ್ಟಿ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಲ್ಲು ಕೊರೆಯುವವನ ಹತ್ತಿರ ಹೋಗಿ ಮುಂದೊಂದು, ಹಿಂದೊಂದು ಶಹಾಬಾದಿ ಪರಸಿಗಲ್ಲು ಹಾಕಿಸಿ, ನಡುವೆ ಪುಸ್ತಕವಿಟ್ಟು, ತಲೆಯ ಮೇಲೆ ಹೊತ್ತು ತಂದೆ. ತೂಕಕ್ಕೆ ಹಚ್ಚಿದೆ. ಪರಡಿ ಧಡ್ ಎಂದು ನೆಲಕ್ಕೆ ಕುಂತಿತು. ಎದುರಿನ ಪರಡಿಯಲ್ಲಿದ್ದ ತೂಕದ ಕಲ್ಲು ಹಾರಿ ಮೈಲುಗಟ್ಟಲೆ ದೂರದ ಮಟಮಾರಿ ಸ್ಟೇಷನ್ನಿನಲ್ಲಿ ಬಿತ್ತು. ಅಲ್ಲಿನ ಸ್ಟೇಷನ್ ಮಾಸ್ತರು ಅದನ್ನು ಟಿಕೀಟಿಲ್ಲದ ಸಾಮಾನು ಎಂದು ಜಪ್ತಿ ಮಾಡಿದರು.

ವೆಂಕೋಬರಾವ್ ಸಾಹೇಬರು ಎದ್ದುನಿಂತು ಕೈಮುಗಿದರು. “ಇಡೀ ದೇಶ ಇದರಾಗ ಅದ!”

ಒಬ್ಬ ಸದಸ್ಯರು ಮಾತ್ರ, ಮಕ್ಕಳಿಗೆ ಇದು ಎತ್ತಲು ಬರುವುದೇ ಎಂದು ಶಂಕಿಸಿದರು. ಕೂಡಲೇ ತಿದ್ದುಪಡಿ ಹೊರಟಿತು: “ಸದರಿ ಪುಸ್ತಕವನ್ನು ಸಾಲಿಯಲ್ಲಿ ಇಬ್ಬರು, ಕಾಲೇಜಿನಲ್ಲಿ ನಾಲ್ವರು ಹೊರತಕ್ಕದ್ದು. ಹೊರುವವರು ಬೇರೆ ಬೇರೆ ಓಣಿಯವರಾಗಿರತಕ್ಕದ್ದು. ಬಿದ್ದಲ್ಲಿ ಎಲ್ಲ ಓಣಿಯವರ ಕಾಲಿನ ಮೇಲೂ ಸಮನಾಗಿ ಬೀಳುವಂತೆ ಮುಖ್ಯೋಪಾಧ್ಯಾಯರು ನೋಡಿಕೊಳ್ಳತಕ್ಕದ್ದು.”

ಪಕೀರಪ್ಪ ನೀರು ಬಿಟ್ಟು ಕಲ್ಲಿಗೆ ಬಂದ. ಕಲ್ಲಿನ ತೂಕದ ಮುಂದೆ ಹಾಳೆಯ ತೂಕ ಏನೂ ಅಲ್ಲ, ಆದ್ದರಿಂದ ಹಾಳೆಯಿಂದ ವಿನಾಯಿತಿ ಕೊಡಬೇಕೆಂದು ಅರ್ಜಿ ಹಾಕಿದ. ಸಮಿತಿ ಮಂಜೂರು ಮಾಡಿತು. ಸುಗ್ರಾ ಬೇಗಂ ಮತ್ತೆ ಬಂದು ಕೇಳಿದರು:

“ಹಾಳಿ ಎಲ್ಲದಾವ್ರೀ?”

“ಟೀಚರ್, ತಕ್ಕಡಿ ಹಾಳಿ ಕೇಳಿಲ್ಲ” ಅಂದರು ಸಾಹೇಬರು.

ಅವರು ಚೀಲ ಹೆಗಲಿಗೇರಿಸಿ ಹೊರಟುಹೋದರು. ಸಂತೋಷದಿಂದ ಮಾತು ಹೊರಡಲಿಲ್ಲವೆಂದು ನಡಾವಳಿಯಲ್ಲಿ ಬರೆಯಲಾಯಿತು. ಅಂದಿನಿಂದ ಚಂದ್ರಬಂಡದಿಂದ ದೇವದುರ್ಗದತನಕ ಓಣಿ ಓಣಿಯ ಮಕ್ಕಳು ಜೋಡಿ ಜೋಡಿಯಾಗಿ ಪುಸ್ತಕ ಹೊತ್ತು ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇಷ್ಟು ಹೇಳುವಷ್ಟರಲ್ಲಿ, ಗಂಜಿನೆದುರಿನ ಈ ಚಹಾದಂಗಡಿಯಲ್ಲಿ ಬಸ್ಸಿಗೆ ಕಾಯುತ್ತಿದ್ದ ಶೇಖಮ್ಮ ಚಹಾದ ಕಪ್ಪು-ಬಸಿ ಕೆಳಗಿಟ್ಟಳು. ಈಗ ಅವಳೇ ಯಾಪಲದಿನ್ನಿಯಲ್ಲಿ ಟೀಚರ್.

“ಯಜ್ಜಾ, ನಾ ಆ ವರ್ಷ ಅದ ಸಾಲ್ಯಾಗ ಇದ್ದೆ. ಸುಗ್ರಾ ಟೀಚರ್ ಕೈಯಾಗ ಕಲ್ತೀನಿ.”

“ಹಂಗಾರ ನೀನೂ ಹೊತ್ತಿರಬೇಕಲ್ಲವ್ವಾ!”

“ಎಲ್ಲೀದು ಹೊರೋದು? ಒಂದು ಕಲ್ಲೂ ಬರ್ಲಿಲ್ಲ. ಟೀಚರ್ ದಿನಾ ತಮ್ಮ ಚೀಲದಾಗಿಂದ ಒಂದು ತೆಳ್ಳಂದು ಪುಸ್ತಕ ತಗದು ಓದಿ ಹೇಳ್ತಿದ್ರು. ಬಳಿ ಮಾರೋಕಿ ಮಗಳ ಮಾತು ಬಂದ್ರ ವಾಹಿದಾ ಎದ್ದು ನಿಲ್ತಿದ್ಲು. ಹಮಾಲಿ ಮಗಳ ಮಾತು ಬಂದ್ರ ನಾ.”

ಅಂಗಡಿಯಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. ನಾನು ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡೆ.

“ಕಲ್ಲಿಲ್ಲದ ಪುಸ್ತಕ ಓದಿದ್ರ್ಯಾ? ಹೋಗ್ಲಿ ಬಿಡವ್ವಾ, ನಾ ಯಾರ ಮುಂದೂ ಹೇಳಂಗಿಲ್ಲ.”