ಮೋಡದ ದಿನದ ಟವರು

ಬೆಳಿಗ್ಗೆ ಸೂರ್ಯ ಹೇಳದೆ ಕೇಳದೆ ರಜೆ ಹಾಕಿದ್ದೇ ಎಲ್ಲಕ್ಕೂ ಮೂಲ. ಬಡಾವಣೆಯ ಮೊಬೈಲ್ ಟವರು ಸೋಲಾರನ್ನು ನಂಬಿ ಬದುಕಿತ್ತು. ಅದರ ಮೆಕ್ಯಾನಿಕ್ಕು ಟವರನ್ನು ನಂಬಿ ಬದುಕಿದ್ದ.

"ಇವತ್ತು ಹೆಡ್ ಆಫೀಸಿನವರು ಇಡೀ ದಿನ ನಿಮ್ಮ ಟವರನ್ನೇ ನೋಡ್ತಿರ್ತಾರೆ ಕಣ್ರೀ," ಎಂದು ಮೇಲಧಿಕಾರಿ ಫೋನಿನಲ್ಲಿ ಎಚ್ಚರಿಸಿದ್ದರು. "ಒಂದ್ಸಲ ಆರಿದ್ರೂ ನಿಮಗೆ ವರ್ಗ."

ಅವನ ಹೆಂಡತಿಯ ಹೊಸ ಹೊಲಿಗೆ ಅಂಗಡಿಗೆ ಈಗಷ್ಟೇ ಗಿರಾಕಿಗಳು ಹತ್ತಿದ್ದರು. ಇನ್ನೊಂದು ವರ್ಗವಾದರೆ ಒಬ್ಬರೇ ಹೋಗಿ ಎಂದು ಅವಳು ಕತ್ತರಿ ಹಿಡಿದೇ ಹೇಳಿದ್ದಳು.

"ನಾನಿದ್ದು ಟವರ್ ಆರೋದಾ? ನೋಡ್ತಿರು," ಎಂದು ಹೆಂಡತಿಗೆ ಹೇಳಿದ ಅವನು, ಬ್ಯಾಟರಿ ಉಳಿಸಲು ಟವರಿನಲ್ಲಿ ಮಾತು ಸಾಗಿಸುವ ಮೂರು ಚಾನೆಲ್ಲುಗಳಲ್ಲಿ ಎರಡನ್ನು ಮಲಗಿಸಿದ. ಉಳಿದೊಂದರಲ್ಲಿ ಬಡಾವಣೆಯ ಮಾತೆಲ್ಲ ಕಿರುಬಾಗಿಲಿಗೆ ಸಿಕ್ಕಿಬಿದ್ದ ಮಂಚದಂತಾಯಿತು.

ಎದುರಂಗಡಿಯ ಕ್ಷೌರಿಕ ಮೊದಲು ಬಂದ. "ಏನಣ್ಣಾ, ನಮ್ಮತ್ತೆ ಮಾತು ಅರ್ಧಕ್ಕೇ ಕಟ್ಟಾಯ್ತು. ಪುಣ್ಯ ಬರ್ಲಿ ನಿಂಗೆ. ಆದ್ರೆ ಗಿರಾಕಿಗಳ್ದೂ ಕಟ್ಟಾಗ್ತಿದೆಯಲ್ಲ?"

ಹಿಂದೆಯೇ ಬಂದ ನಿವೃತ್ತ ಮೇಷ್ಟ್ರು, ಸೋಲಾರ್ ಹಲಗೆಗಳನ್ನು ಬಿಸಿನೀರಲ್ಲಿ ಒರೆಸಿದರೆ ಕರೆಂಟು ಹೆಚ್ಚುತ್ತದೆಂದರು.

"ಸಂಜೆವರೆಗೂ ಯಾರೂ ಫೋನ್ ಮಾಡದಿದ್ರೆ ಸಾಕು ಸಾರ್. ಎಲ್ರಿಗೂ ಹೇಳ್ಬಿಡಿ," ಎಂದು ಅವನು ಕೈಮುಗಿದ.

ಇಬ್ಬರೂ ಹೇಳಿದರು. ಫೋನ್ ಮಾಡಿಯೇ ಹೇಳಿದರು. ಕೇಳಿಸಿಕೊಂಡವರು ಅದು ನಿಜವೇ ಎಂದು ಇನ್ನೊಬ್ಬರನ್ನು ಫೋನಿನಲ್ಲೇ ವಿಚಾರಿಸಿದರು. ಬ್ಯಾಟರಿ, ಬ್ರೇಕಿಲ್ಲದ ಸೈಕಲ್ಲು ಇಳಿಜಾರಿಗೆ ಬಿದ್ದಂತೆ ಇಳಿಯಿತು.

ಆಗ ಅವನ ತಲೆ ಓಡಿತು. ಕ್ಷೌರಿಕನ ಕಿವಿಗೆ ಬಾಯಿಟ್ಟು, "ಯಾರಿಗೂ ಹೇಳ್ಬೇಡ. ಇವತ್ತು ಇರೋದು ಒಂದೇ ಚಾನೆಲ್ಲು. ಒಬ್ರ ಮಾತು ಎಲ್ರಿಗೂ ಕೇಳ್ಸುತ್ತೆ," ಎಂದ.

ಸುದ್ದಿ ಕಾಲ್ನಡಿಗೆಯಲ್ಲೇ ಊರು ಸುತ್ತಿತು. ಮಧ್ಯಾಹ್ನದ ಹೊತ್ತಿಗೆ ಬಡಾವಣೆಗೆ ಬಡಾವಣೆಯೇ ಗಪ್‌ಚುಪ್. ಗಂಡಂದಿರು ಮೊಬೈಲು ಆಫ್ ಮಾಡಿ ಬೀರುವಿನಲ್ಲಿಟ್ಟರು. ಹೆಂಡತಿಯರು ಅದಕ್ಕೂ ಮೊದಲೇ ಇಟ್ಟಿದ್ದರು. ಮೇಷ್ಟ್ರು ತಮ್ಮದನ್ನು ಕಂಬಳಿಯಲ್ಲಿ ಸುತ್ತಿ, ಮೇಲೆ ದಿಂಬು ಹೇರಿದರು. ಕತ್ತಲಾದರೂ ಟವರು ಆರಲಿಲ್ಲ.

ಮೇಲಧಿಕಾರಿಯ ಫೋನು ಬಂತು. "ಭೇಷ್ ಕಣ್ರೀ, ಆರ್ಲೇ ಇಲ್ಲ."

"ನಾನಿದ್ದು ಆರುತ್ತಾ ಸಾರ್?"

"ಆದ್ರೆ ಮಧ್ಯಾಹ್ನದಿಂದ ಅಲ್ಲಿ ಒಂದೂ ಕಾಲ್ ಇಲ್ಲ. ಮಾತಾಡೋರೇ ಇಲ್ದಿದ್ಮೇಲೆ ಟವರ್ ಯಾಕೆ ಅಂತ ಕೇಳ್ತಿದಾರೆ. ಕಿತ್ತು ಗುಡ್ಡದಾಚೆ ನಿಲ್ಸೋದಂತೆ. ಜೊತೆಗೆ ನಿಮ್ಮನ್ನೂ. ಈಗ್ಲೇ ನಾಲ್ಕು ಜನ ಫೋನ್ ಮಾಡಿ ಬೇಕು ಅಂದ್ರೆ ನೋಡೋಣ."

ಅವನು ಕ್ಷೌರಿಕನ ಬಾಗಿಲಿಗೆ ಓಡಿದ. ತಾನು ಹೇಳಿದ್ದು ಶುದ್ಧ ಸುಳ್ಳು, ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ, ಒಂದೇ ಒಂದು ಫೋನ್ ಮಾಡು ಎಂದು ಗೋಗರೆದ.

ಕ್ಷೌರಿಕ ಅತ್ತಿತ್ತ ನೋಡಿ, ಮರುಕದಿಂದ ಅವನ ಭುಜ ತಟ್ಟಿದ.

"ಹೀಗೇ ಹೇಳು ಅಂತ ನಿಂಗೆ ಮೇಲಿನವರು ಒತ್ತಡ ತಂದಿರ್ತಾರೆ, ನಂಗೊತ್ತು. ಧೈರ್ಯವಾಗಿರಣ್ಣ. ನಾವ್ಯಾರೂ ಬಾಯಿ ಬಿಡಲ್ಲ."