ಹೊಳೆಬದಿ ಮಿಡಿಯ ಹಟ

ಗಂಡ ದಿನೇಶನ ತಿಥಿ ಮುಗಿದು ನೆಂಟರೆಲ್ಲ ಹೊರಟ ಮರುದಿನ ಬೆಳಿಗ್ಗೆ ಲಿಖಿತಾ ಮಾಡಿದ ಮೊದಲ ಕೆಲಸ ಅವನ ಆನ್‌ಲೈನ್ ಅಂಗಡಿಯನ್ನು ಓರಣಗೊಳಿಸಿದ್ದು. ಅಳುವುದಕ್ಕಿಂತ ಅದು ಸುಲಭವಾಗಿತ್ತು.

ದಿನೇಶ ಸಾಗರದಲ್ಲಿ ಕೂತು ಅಪ್ಪೆಮಿಡಿ ಉಪ್ಪಿನಕಾಯಿ ಮಾರುತ್ತಿದ್ದ. ಮಿಡಿ ಕೊಟ್ಟ ಒಂದೊಂದು ಮಾವಿನಮರಕ್ಕೂ ಒಂದೊಂದು ವಿಭಾಗ: ಹೊಳೆಬದಿ ಮಿಡಿ, ಗುಡ್ಡೆ ಮಿಡಿ, ಹಿತ್ತಲ ಮಿಡಿ. ಪುಟ ತೆರೆದರೆ ಮದುವೆಮನೆಯ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ಹಾಗೆ ಕಾಣುತ್ತಿತ್ತು. ಎಂ.ಕಾಂ. ಓದಿದ ಲಿಖಿತಾ ಅವನು ಬಿಟ್ಟುಹೋದ ಲ್ಯಾಪ್‌ಟಾಪಿನಲ್ಲಿ ಎಲ್ಲವನ್ನೂ ‘ಉಪ್ಪಿನಕಾಯಿ’ ಎಂಬ ಒಂದೇ ವಿಭಾಗಕ್ಕೆ ತಂದಳು. ಆರಿಸಿಕೊಳ್ಳಲು ಸಣ್ಣ ಮಿಡಿ, ದೊಡ್ಡ ಮಿಡಿ. ಖಾರ ಕಡಿಮೆ, ಖಾರ ಹೆಚ್ಚು.

ಟೀ ಕಾಸಿಕೊಂಡು ಬಂದು ನೋಡಿದರೆ ಹೊಳೆಬದಿ ಮಿಡಿ ತನ್ನ ಹಳೇ ಜಾಗಕ್ಕೆ ಹೋಗಿ ಕೂತಿತ್ತು.

ತನ್ನದೇ ತಪ್ಪಿರಬೇಕೆಂದು ಮತ್ತೆ ಸೇರಿಸಿದಳು. ಮತ್ತೆ ಹೋಯಿತು. ಈ ಸಲ ಕೆಳಗೊಂದು ಹೊಸ ಸಾಲು: ‘ಇದನ್ನ ಬೇರೆ ಮಿಡಿ ಜೊತೆ ಬೆರೆಸಬಾರದು.’

ಅವಳು ತಿಳಿದಂತೆ ಪಾಸ್‌ವರ್ಡ್ ಗೊತ್ತಿದ್ದದ್ದು ಅವಳಿಗೆ ಮತ್ತು ದಿನೇಶನಿಗೆ ಮಾತ್ರ.

ಪಕ್ಕದ ಮನೆಯ ಜಲಜಮ್ಮ ಬಾಗಿಲಲ್ಲೇ ನಿಂತು ಎಲ್ಲ ಕೇಳಿದಳು.

“ದಿನೇಶಂದೇ ಕೆಲ್ಸ ಕಣೇ. ಜೀವ ಅಂಗ್ಡೀಲೇ ಸಿಕ್ಕಾಕ್ಕೊಂಡೈತೆ.”

“ಬದುಕಿದ್ದಾಗ ಒಂದು ಲುಂಗಿ ಮಡಚಿಟ್ಟವರಲ್ಲ, ಜಲಜಕ್ಕ. ಈಗ ಬಂದು ಅಂಗ್ಡಿ ಜೋಡಿಸ್ತಾರಾ?”

“ಸತ್ತ ಮೇಲೆ ಬುದ್ಧಿ ಬರ್ತದೆ ಗಂಡಸ್ರಿಗೆ. ಆ ಮರಕ್ಕೊಂದು ಕೋಳಿ ಕೊಟ್ಬಿಡು, ಹೋಗ್ತಾನೆ.”

ಆದರೆ ಲಿಖಿತಾಳಿಗೆ ಅವನು ಹೋಗುವುದು ಬೇಕಿರಲಿಲ್ಲ. ಜಲಜಮ್ಮ ಅತ್ತ ಹೋದದ್ದೇ ಬಾಗಿಲು ಹಾಕಿ, ಬೇಕೆಂದೇ ಹೊಳೆಬದಿ ಮಿಡಿಯನ್ನು ‘ಇತರೆ’ಗೆ ದೂಡಿದಳು. ವಾಪಸು ಬಂತು. ಹಪ್ಪಳದ ವಿಭಾಗಕ್ಕೆ ತಳ್ಳಿದಳು. ಕೋಪ ಬಂದವರ ಹಾಗೆ ತಕ್ಷಣ ಬಂತು. ಬಹಳ ದಿನದ ಮೇಲೆ ಯಾರೋ ತನ್ನ ಜೊತೆ ಜಗಳವಾಡುತ್ತಿದ್ದರು. ಅವಳಿಗೆ ನಗು ಬಂತು. ನಕ್ಕ ಸದ್ದಿಗೆ ತಾನೇ ಬೆಚ್ಚಿದಳು.

ಕೊನೆಗೆ ಆ ಮಿಡಿಯ ವಿವರದ ಜಾಗದಲ್ಲಿ ಬರೆದಳು: ‘ನೀವೇನಾ?’

ಪುಟವನ್ನು ಮತ್ತೆ ತೆರೆದಳು.

‘ಹೌದು.’

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಎದ್ದು ಹೋಗಿ ತೆರೆದರೆ ಹಿಂದಿನ ಬೀದಿಯ ವಾಸಪ್ಪ, ಕೈಯಲ್ಲಿ ಮೊಬೈಲು.

“ನೀವೇನಾ ಅಂತ ಕೇಳಿದ್ಯಲ್ಲ ತಂಗಿ, ನಾನೇ. ಹೊಳೆಬದಿ ಮರ ನಮ್ದು. ಬೇರೆ ಮಿಡಿ ಜೊತೆ ಸೇರ್ಸಂಗಿಲ್ಲ ಅಂತ ಮಾತಾಗಿತ್ತು.”

“ಪಾಸ್‌ವರ್ಡು?”

“ದಿನೇಶನೇ ಕೊಟ್ಟಿದ್ದ. ನಂಗೊಬ್ಬಂಗೇ ಅಲ್ಲ, ಕೋಣಂದೂರ್ನ ಗುಡ್ಡೆ ಮಿಡಿಯೋರಿಗೂ ಮೇಗರವಳ್ಳಿಯ ಹಿತ್ತಲ ಮಿಡಿಯೋರಿಗೂ ಕೊಟ್ಟವ್ನೆ. ಅವ್ರವ್ರ ಮರ ಅವ್ರೇ ನೋಡ್ಕೊಳ್ಲಿ ಅಂತ. ಅವ್ರು ಇನ್ನೂ ನೋಡಿಲ್ಲ, ನೋಡಿದ್ರೆ ಬರ್ತಾರೆ.”

ವಾಸಪ್ಪ ಹೋಗಲಿಲ್ಲ. ಹೊಸ್ತಿಲನ್ನೇ ನೋಡುತ್ತ ನಿಂತ.

“ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡ. ಆ ಲ್ಯಾಪ್‌ಟಾಪು ನಮ್ಮ ಮಗ್ಳು ಚೈತನ್ಯಂದು. ದಿನೇಶ ಎರಡು ದಿನಕ್ಕೆ ಅಂತ ಇಸ್ಕೊಂಡಿದ್ದ. ಈ ದುಃಖದಾಗೆ ಹೆಂಗ್ ಕೇಳೋದು ಅಂತ ಸುಮ್ನಿದ್ದೆ. ನಾಳೆ ಅವ್ಳಿಗೆ ಕಾಲೇಜು.”

ಲಿಖಿತಾ ಒಳಗೆ ಹೋದಳು. ಪರದೆಯ ಮೇಲೆ ‘ಹೌದು’ ಇನ್ನೂ ಹಾಗೇ ಇತ್ತು. ಅಳಿಸಲಿಲ್ಲ. ಮೆಲ್ಲಗೆ ಮುಚ್ಚಿ, ಚಾರ್ಜರಿನ ವೈರು ಸುತ್ತಿ, ಎರಡೂ ಕೈಯಲ್ಲಿ ತಂದು ಕೊಟ್ಟಳು.

ವಾಸಪ್ಪ ಅದನ್ನು ಎದೆಗೊತ್ತಿಕೊಂಡ.

“ಇನ್ನೂ ಬೆಚ್ಚಗೈತೆ,” ಎಂದ.